ಪ್ಯಾಚಿಗೊಂದು ಹೆಸರು

ರಾಣೇಬೆನ್ನೂರಿನಲ್ಲಿ ನಮ್ಮ ದೂರದ ಸಂಬಂಧಿ ಹುಡುಗನೊಬ್ಬ ಇದ್ದಾನೆ. ಒಂದು ಮುಕ್ತ ತಂತ್ರಾಂಶವನ್ನು ಕನ್ನಡಕ್ಕೆ ತರೋ ಹುಚ್ಚು ಹತ್ತಿದೆ. 'ಕಳಸೂಕಿಂತ ಮೊದ್ಲ ಒಮ್ಮೆ ನೋಡ್ರಿ ಅಣ್ಣಾ' ಅಂತ ಹಾವೇರಿಯಲ್ಲಿರೋ ನನಗೆ 11 ಪ್ಯಾಚ್ ಕಳಿಸಿದ. ಹೆಸರುಗಳು: ಹೊಸದು, ಹೊಸದು2, ಕೊನೇದು, ಖರೇನ ಕೊನೇದು... ನಗು ಬಂತು. ಯಾವುದರ ಮೇಲೆ ಯಾವುದು?

'ಹೆಸರಿನ್ಯಾಗ ಏನೈತ್ರಿ ಅಣ್ಣಾ?' ಅಂದ. ಅವನು ಹೇಳೋದೂ ನಿಜವೇ. ಲ್ಯಾರಿ ವಾಲ್ 1985ರಲ್ಲಿ ಬರೆದ ಪ್ಯಾಚ್ ತಂತ್ರಾಂಶ, ಯಾವ ಕಡತ ತಿದ್ದಬೇಕು ಅನ್ನೋದನ್ನು ಪ್ಯಾಚಿನ ಒಳಗೇ ಓದಿಕೊಳ್ಳುತ್ತೆ. ಹೊರಗಿನ ಹೆಸರು ಬೇಕಿರೋದು ಮನುಷ್ಯರಿಗೆ. ಬ್ಯಾಡಗಿ ಮಾರುಕಟ್ಟೆ ನೆನಪಿಸಿದೆ. ಕಡ್ಡಿಯೋ ಡಬ್ಬಿಯೋ ಅನ್ನೋದು ಮೆಣಸಿನಕಾಯಿ ನೋಡಿದ್ರೇ ಗೊತ್ತಾಗುತ್ತೆ, ಆದ್ರೆ ಯಾರ ಮಾಲು ಅಂತ ಹೇಳೋಕೆ ಲಾಟ್ ನಂಬರೇ ಬೇಕು.

ಸರಿ, ಹುಡುಗ 1ರಿಂದ 11ರವರೆಗೆ ನಂಬರ್ ಹಾಕಿದ. ಪಟ್ಟಿಯಲ್ಲಿ 1 ಆದಮೇಲೆ 10, 11, ಆಮೇಲೆ 2! ಅಕ್ಷರದ ಲೆಕ್ಕದಲ್ಲಿ ಜೋಡಿಸಿದ್ರೆ ಹಾಗೇ ಆಗೋದು. ಅದಕ್ಕೇ ಗಿಟ್ 0001, 0002 ಅಂತ ಮುಂದೆ ಸೊನ್ನೆ ಇಡುತ್ತೆ, ಪಕ್ಕದಲ್ಲಿ ಬದಲಾವಣೆಯ ಶೀರ್ಷಿಕೆ ಸೇರಿಸುತ್ತೆ. ತಿದ್ದಿ ಮತ್ತೆ ಕಳಿಸುವಾಗ ಹೇಳಿದ್ರೆ ಮುಂದೆ 'ವಿ2' ಅಂತಲೂ ಹಾಕಿಕೊಡುತ್ತೆ.

ಹುಡುಗ ಗಿಟ್ಟಿನಲ್ಲೇ ಮಾಡಿದ, ಶೀರ್ಷಿಕೆಗಳನ್ನೆಲ್ಲ ಅಚ್ಚ ಕನ್ನಡದಲ್ಲಿ ಬರೆದು. ಬಂದ ಹೆಸರು: 0001, ಒಂದು ಅಡ್ಡಗೆರೆ, ಚುಕ್ಕಿ, ಪ್ಯಾಚ್. ಅಷ್ಟೇ! ಹೆಸರು ಕಟ್ಟುವಾಗ ಗಿಟ್ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಗಾಳಿಗೆ ತೂರುತ್ತೆ. ಲಿನಕ್ಸಿನಲ್ಲಿ ಕನ್ನಡ ಹೆಸರಿನ ಕಡತ ಧಾರಾಳವಾಗಿ ಇಡಬಹುದು, ಯೂನಿಕೋಡಿಂದೇನೂ ತಪ್ಪಿಲ್ಲ. ಆದ್ರೂ ಕನ್ನಡಕ್ಕಾಗಿ ಮಾಡಿದ ಕೆಲಸದ ಹೆಸರಿನಲ್ಲೇ ಕನ್ನಡ ಮಾಯ. ಹುಡುಗ ಪಾಪ, ಸಪ್ಪಗಾದ.

ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯೋಣ ಅಂದ್ರೆ ಅವನ ಊರಿಗೇ ಎರಡು ಸ್ಪೆಲಿಂಗು. ರೈಲ್ವೆಯವರು 'ರಾಣಿ' ಅಂತಾರೆ, ಉಳಿದವರು 'ರಾಣೆ'. ಕೈಯಾರೆ ಹೆಸರು ಬದಲಿಸಬಹುದು, ಆದ್ರೆ ಪ್ರತಿ ಸಲ 11 ಬಾರಿ ಯಾರು ಕೂತು ಬದಲಿಸ್ತಾರೆ?

ಕೊನೆಗೆ ಶೀರ್ಷಿಕೆ ಚಿಕ್ಕದಾಗಿ ಇಂಗ್ಲಿಷಿನಲ್ಲಿ, ಕೆಳಗಿನ ವಿವರ ಪೂರ್ತಿ ಕನ್ನಡದಲ್ಲಿ ಅಂತ ಮಾಡಿದ್ವಿ. ಯಾವ ಪದ ಯಾಕೆ ಬದಲಿಸಿದೆ ಅನ್ನೋದೆಲ್ಲ ಆ ವಿವರದಲ್ಲಿದೆ, ಅದನ್ನು ಗಿಟ್ ಮುಟ್ಟೋದಿಲ್ಲ. ಮುಂದೆ ಇದನ್ನು ತಿದ್ದೋಕೆ ಬರೋ ಕನ್ನಡಿಗರಿಗೆ ಅದು ಸಿಕ್ಕರೆ ಸಾಕು.

ಹುಡುಗ ಒಪ್ಪಿದ. ನನಗೆ ಮಾತ್ರ ಇನ್ನೂ ಪೂರ್ತಿ ಸಮಾಧಾನ ಇಲ್ಲ. ನೀವಾಗಿದ್ರೆ ಏನು ಹೆಸರಿಡ್ತಿದ್ರಿ?