ಬಾವಿ ಇದ್ದ ತೋಟ

ನಮ್ಮ ಶಹಾಪುರದ ಹುಡುಗ-ಹುಡುಗಿಯರ ಡಿಸೆಂಬರ್ ಶಿಬಿರಕ್ಕೆ ಐತವಾರ ಖಾನಾಪುರ ಕಡೆ ಜಾಗ ನೋಡಾಕ ಹೋಗಿದ್ದೆ. ಭೀಮಗಡ 2011ರಿಂದ ವನ್ಯಧಾಮ, ಅಲ್ಲಿ ಮನಸ್ಸಿಗೆ ಬಂದಲ್ಲಿ ಟೆಂಟ್ ಹೊಡೆಯೋ ಹಂಗಿಲ್ಲ. ಜಾಂಬೋಟಿ ಹತ್ತಿರ ಒಂದು ತೋಟ ಸಿಕ್ಕಿತು. ಒಳ್ಳೆ ನೆರಳು, ಶೌಚಾಲಯ, ತುಂಬಿದ ಬಾವಿ. ಬಾಡಿಗೆ ಮಾತಾದ ಮೇಲೆ ಮಾಲಕರು ಕೇಳಿದರು, "ನಿಮ್ಮ ಅಡ್ಡಹೆಸರು ಏನ್ರೀ?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರಿಗೆ ಟ್ಯಾಂಕರ್ ತರಿಸ್ಕೊಳ್ರಿ, ಬಾವಿ ಕಡೆ ಹುಡುಗರನ್ನ ಬಿಡಬ್ಯಾಡ್ರಿ" ಅಂದ್ರು. ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು 1927ರಲ್ಲಿ! ಮುಂಗಡ ಕೊಡದೆ ಎದ್ದು ಬಂದೆ.

ಈಗ ಖಾನಾಪುರದ ಹತ್ತಿರ ಮಲಪ್ರಭೆ ದಂಡಿಯ ನಮ್ಮವರೊಬ್ಬರ ಹೊಲ ಗೊತ್ತಾಗೇತಿ. ನೆರಳು ಕಮ್ಮಿ, ಶೌಚಾಲಯಕ್ಕೆ ತಟ್ಟಿ ಕಟ್ಟಬೇಕು. ಬೋರ್ ನೀರು ಐತಿ, ಯಾರೂ ಹೆಸರು ಕೇಳಂಗಿಲ್ಲ. ಚಾದರ ಎರಡೆರಡು ತರ್ರಿ, ರಾತ್ರಿ ಥಂಡಿ ಭಾಳ.