ಅಟ್ಟ ಹತ್ತಿದ ಶಾಂತಲೆ

ಹಳೇಬೀಡಿಗೆ ಬರುವವರಿಗೆ ಒಂದು ಗಂಟೆ ಸಾಕು. ಬೇಲೂರು ಮುಗಿಸಿದ ಬಸ್ಸು ಇಲ್ಲಿ ನಿಲ್ಲುತ್ತೆ, ಹೊಯ್ಸಳೇಶ್ವರನಿಗೆ ಒಂದು ಸುತ್ತು, ದೊಡ್ಡ ನಂದಿಯ ಮುಂದೆ ಸೆಲ್ಫಿ, ಒಂದು ಎಳನೀರು, ಹೊರಟೇಬಿಟ್ರು. ಇದೇ ಊರಲ್ಲಿ ಬೆಳೆದ ನಾನು ಕಳೆದ ಚಳಿಗಾಲದಲ್ಲಿ ಒಂದು ಬೆಕ್ಕಿನ ಮುಖ ನೋಡೋಕೆ ಒಂಬತ್ತು ದಿನ ಕಾದೆ.

ಮನೆಯಿಂದಲೇ ಕೆಲಸ ಅಂತಾದ ಮೇಲೆ ಅಮ್ಮನ ಜೊತೆ ಇರೋಣ ಅಂತ ಊರಿಗೆ ಬಂದಿದ್ದೆ. ಬೆಕ್ಕು ಸಿಕ್ಕಿದ್ದು ಬೆಂಗಳೂರಿನ ಒಂದು ಶೆಲ್ಟರ್‌ನಲ್ಲಿ. ಉಳಿದವೆಲ್ಲ ಕಂಬಿಯ ಹತ್ತಿರ ಬಂದು ಮಿಯಾಂವ್ ಅಂದರೆ, ಈ ಬೂದು ಬಣ್ಣದ ಎರಡು ವರ್ಷದ ಹೆಣ್ಣು ರಟ್ಟಿನ ಡಬ್ಬದೊಳಗೆ ಬೆನ್ನು ಹಾಕಿ ಕೂತಿತ್ತು. ಆಪರೇಷನ್, ರೇಬಿಸ್ ಚುಚ್ಚುಮದ್ದು ಎರಡೂ ಆಗಿದ್ದವು. ಕೇಳಿದವರು ಮಾತ್ರ ಯಾರೂ ಇರಲಿಲ್ಲ.

"ಊರು ತುಂಬ ಬೆಕ್ಕಿವೆ. ಬೆಂಗಳೂರಿಂದ ತರಬೇಕಾ? ಅದೂ ಫಾರಂ ತುಂಬಿ?" ಅಂದರು ಅಮ್ಮ.

ಶೆಲ್ಟರ್‌ನವರು ಹೇಳಿದಂತೆ ಮೊದಲಿಗೆ ಒಂದೇ ಕೋಣೆ ಸಿದ್ಧ ಮಾಡಿದೆ. ಕಿಟಕಿಗೆ ಜಾಲರಿ ಹೊಡೆಸಿದೆ. ಅಡಗೋಕೆ ಒಂದು ಡಬ್ಬ, ಅದು ತಿನ್ನುತ್ತಿದ್ದ ಆಹಾರವೇ ಒಂದು ಮೂಲೆಯಲ್ಲಿ, ಮರಳಿನ ಟಬ್ ದೂರದ ಇನ್ನೊಂದು ಮೂಲೆಯಲ್ಲಿ. ಉಣ್ಣೋ ಜಾಗದ ಪಕ್ಕ ಬಚ್ಚಲು ನಮಗೂ ಬೇಡ ತಾನೇ? ಅಮ್ಮ ಹಾಲಿನ ಬಟ್ಟಲು ತಂದರು. ದೊಡ್ಡ ಬೆಕ್ಕುಗಳಿಗೆ ಹಾಲು ಅರಗದೆ ಭೇದಿಯಾಗೋದೇ ಹೆಚ್ಚು ಅಂದಾಗ, "ಕೃಷ್ಣನ ಕಾಲದಿಂದ ಕುಡೀತಾ ಇವೆ" ಅಂದು ಮುಖ ತಿರುಗಿಸಿದರು.

ಎಲ್ಲ ಸರಿ, ಆದರೆ ನಮ್ಮದು ಹಂಚಿನ ಮನೆ. ಗೋಡೆಗೂ ಹಂಚಿಗೂ ನಡುವೆ ಗೇಣಗಲ ಸಂದಿ ಇದೆ ಅಂತ ಅಲ್ಲೇ ಬೆಳೆದ ನನಗೆ ಹೊಳೆಯಲಿಲ್ಲ. ಬೆಕ್ಕಿಗೆ ಮೊದಲ ರಾತ್ರಿಯೇ ಹೊಳೆಯಿತು. ಬೆಳಿಗ್ಗೆ ಕೋಣೆ ಖಾಲಿ. ಅಟ್ಟದ ಮೇಲೆ ಹಳೇ ಹಂಡೆಗಳ ಹಿಂದೆ ಎರಡು ಕಣ್ಣು.

ಅಮ್ಮನ ಮುಖ ಬಿಳಿಚಿಕೊಂಡಿತು. "ಮಳೆಗಾಲದಲ್ಲಿ ಅಲ್ಲಿ ಇಲಿ ಪಾಷಾಣ ಇಟ್ಟಿದ್ದೆ ಕಣೇ. ಮೂರು ಪೊಟ್ಟಣ."

ಟಾರ್ಚ್ ಹಿಡಿದು ತೆವಳಿದೆ. ಎರಡು ಸಿಕ್ಕವು. ಡಾಕ್ಟರಿಗೆ ಫೋನ್ ಮಾಡಿದರೆ, "ತಿಂದ ಅನುಮಾನ ಇದ್ದರೆ ಈಗಲೇ ತನ್ನಿ, ಕೆಲವು ಪಾಷಾಣದ ಲಕ್ಷಣ ಎರಡು-ಮೂರು ದಿನ ಬಿಟ್ಟು ಕಾಣುತ್ತೆ" ಅಂದರು. ತರೋಕೆ ಕೈಗೆ ಸಿಗಬೇಕಲ್ಲ! ಮಧ್ಯಾಹ್ನದ ಹೊತ್ತಿಗೆ ಮೂರನೆಯದು ಹಂಡೆಯೊಳಗೆ ಸಿಕ್ಕಿತು. ಮೂರೂ ಬಿಚ್ಚಿರಲಿಲ್ಲ. ಬೆಕ್ಕು ಸಾಕುವ ಆಸೆಯಿದ್ದರೆ ಜಾಲರಿಗಿಂತ ಮೊದಲು ಮನೆಯಲ್ಲಿ ಎಲ್ಲೆಲ್ಲಿ ಏನೇನು ಇಟ್ಟಿದ್ದೀರಿ ಅಂತ ಅಮ್ಮನನ್ನ ಕೇಳಿ.

ಆದರೂ ಅದು ಏನೂ ತಿಂದಿರಲಿಲ್ಲ. ಒಂದೆರಡು ದಿನಕ್ಕಿಂತ ಹೆಚ್ಚು ಉಪವಾಸ ಇದ್ದರೆ ಬೆಕ್ಕಿನ ಲಿವರ್ ಕೆಡಬಹುದು, ನಾಳೆಯೂ ತಿನ್ನದಿದ್ದರೆ ಹೇಗಾದರೂ ಹಿಡಿದು ತನ್ನಿ ಅಂದಿದ್ದರು ಡಾಕ್ಟರು. ಅಟ್ಟದ ಅಂಚಿಗೆ ಊಟ, ನೀರು ಇಟ್ಟು, ತಲೆ ಕೆಟ್ಟು ಬಸ್ತಿಹಳ್ಳಿ ಕಡೆ ನಡೆದೆ. ಅಲ್ಲಿನ ಜೈನ ಬಸದಿಗಳಿಗೆ ಬಸ್ಸಿನವರು ಹೆಚ್ಚು ಬರಲ್ಲ. 1133ರ ಪಾರ್ಶ್ವನಾಥ ಬಸದಿಯ ಹೊರಗೋಡೆಯಲ್ಲಿ ಹೊಯ್ಸಳೇಶ್ವರದಂಥ ಶಿಲ್ಪಗಳಿಲ್ಲ. ಬಿಸಿಲಿಂದ ಒಳಗೆ ಹೋದರೆ ಬರೀ ಕತ್ತಲು. ಸುಮ್ಮನೆ ನಿಂತರೆ ನುಣುಪು ಕಂಬಗಳು ಒಂದೊಂದಾಗಿ ಮಿನುಗುತ್ತವೆ, ಆಮೇಲೆ ಹಿಂದೆ ಎತ್ತರಕ್ಕೆ ನಿಂತ ಪಾರ್ಶ್ವನಾಥ, ಕೊನೆಗೆ ತಲೆಯ ಮೇಲಿನ ಹಾವಿನ ಹೆಡೆಗಳು. ಎಷ್ಟು ಹೊತ್ತು ನಿಂತಿದ್ದೆನೋ.

ಆ ರಾತ್ರಿ ಏಣಿಯ ಕೆಳಗೆ ಚಾಪೆ ಹಾಸಿ, ಅಟ್ಟಕ್ಕೆ ಬೆನ್ನು ಮಾಡಿ ಮಲಗಿದೆ. ಕರೆಯಲಿಲ್ಲ, ಟಾರ್ಚ್ ಬಿಡಲಿಲ್ಲ. ಎರಡು ಗಂಟೆಗೆ ಮೇಲೆ ಕಟಕಟ ಸದ್ದು. ಒಳಕೋಣೆಯಿಂದ ಅಮ್ಮ ಪಿಸುಗುಟ್ಟಿದರು, "ತಿಂತಾ ಇದೆ ಕಣೇ."

ಒಂಬತ್ತನೇ ದಿನ ಹಗಲಲ್ಲೇ ಏಣಿ ಇಳಿದು ಬಂತು. ಹೊಯ್ಸಳೇಶ್ವರನ ಜೋಡಿ ಗುಡಿಯಲ್ಲಿ ಇನ್ನೊಂದು ಶಾಂತಲೇಶ್ವರ. ಆ ನೆನಪಲ್ಲಿ ಅಮ್ಮನೇ ಶಾಂತಲೆ ಅಂತ ಹೆಸರಿಟ್ಟರು. ನಾಟ್ಯರಾಣಿಯ ಹೆಸರು, ನಾಲ್ಕು ಜನರ ಎದುರಿಗೆ ಬರಲ್ಲ! ಸಂದಿಗೆ ಈಗ ಜಾಲರಿ ಬಿದ್ದಿದೆ, ಪಾಷಾಣ ಮನೆಯಲ್ಲಿಲ್ಲ. ನೆಂಟರು ಬಂದರೆ ಅಮ್ಮ ಬಾಗಿಲಲ್ಲೇ ಹೇಳ್ತಾರೆ, "ಮೆಲ್ಲಗೆ ಮಾತಾಡಿ, ಶಾಂತಲೆ ಮಲಗಿದ್ದಾಳೆ."