ಆ ಕಲ್ಲು ಹೊತ್ತವರ ಹೆಸರೇನು?

ಹೋದ ತಿಂಗಳು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಗೆಳೆಯರೆಲ್ಲ ಸೇರಿ ಮಂಗಳೂರಿಗೆ ಹೋಗಿದ್ವಿ. ಅಪ್ಪನ್ನೂ ಕರ್ಕೊಂಡು ಹೋಗಿದ್ದೆ. ಎಪ್ಪತ್ತು ದಾಟಿದ ಅಪ್ಪ ಸಮುದ್ರ ನೋಡಿದ್ದು ಅದೇ ಮೊದಲು.

ಬೋಳೂರಿನ ಸುಲ್ತಾನ್ ಬತ್ತೇರಿಗೆ ಬಂದ್ವಿ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಅದೇ ವರ್ಷ ಮಾರ್ಚ್ 11ಕ್ಕೆ ಬ್ರಿಟಿಷರ ಜೊತೆ ಮಂಗಳೂರು ಒಪ್ಪಂದ ಆಗಿತ್ತು. ಕಾಗದ ನಂಬಿ ಸುಮ್ಮನೆ ಕೂರೋ ಕಾಲ ಅದಲ್ಲ. ಶತ್ರುಗಳ ಹಡಗು ಗುರುಪುರ ನದಿಯೊಳಗೆ ನುಗ್ಗಬಾರದು ಅಂತ ಕರಿಕಲ್ಲಿನ ಗೋಡೆ, ಗೋಡೆಯಲ್ಲಿ ಫಿರಂಗಿ ಮೂತಿಗೆ ಕಿಂಡಿ, ಕೆಳಗೆ ಮದ್ದು ತುಂಬಿಡೋ ನೆಲಮಾಳಿಗೆ.

ಮೆಟ್ಟಿಲ ಹತ್ರ ಅಪ್ಪ ಚಪ್ಪಲಿ ಬಿಟ್ಟು ನಿಂತುಬಿಟ್ಟ. "ನಾವು ಹತ್ತಬೋದೇನಪ್ಪಾ?" ಅಂದ. ಎದೆ ಧಸಕ್ಕಂತು.

1934ರಲ್ಲಿ ಬಾಬಾಸಾಹೇಬರು ಸಂಗಾತಿಗಳ ಜೊತೆ ದೌಲತಾಬಾದ್ ಕೋಟೆ ನೋಡೋಕೆ ಹೋಗಿದ್ದರು. ಬಾಗಿಲ ಬಳಿಯ ಕೊಳದಲ್ಲಿ ಕೈಕಾಲು ಮುಖ ತೊಳೆದದ್ದಕ್ಕೆ ನೀರು ಮೈಲಿಗೆ ಆಯ್ತು ಅಂತ ದೊಡ್ಡ ಗಲಾಟೆ. ಕೊನೆಗೆ, ಒಳಗೆ ಎಲ್ಲೂ ನೀರು ಮುಟ್ಟದ ಹಾಗೆ ನೋಡ್ಕೊಳ್ಳೋಕೆ ಒಬ್ಬ ಸಿಪಾಯಿಯನ್ನ ಜೊತೆಗೆ ಕಳಿಸಿದರು. ಅಪ್ಪನಿಗೆ ಅಂಥ ಕಾವಲು ಬೇಕಿಲ್ಲ. ಆ ಸಿಪಾಯಿ ಅವನ ಒಳಗೇ ನಿಂತಿದ್ದಾನೆ.

ಕೈ ಹಿಡಿದು ಹತ್ತಿಸಿದೆ. ಅಪ್ಪ ಸಮುದ್ರದ ಕಡೆ ನೋಡಲೇ ಇಲ್ಲ. ಮೂವತ್ತು ವರ್ಷ ಕಲ್ಲು ಒಡೆದ ಕೈ, ಗೋಡೆ ಸವರ್ತಾ ನಿಂತ. "ಇಂಥಾ ಒಂದು ಕಲ್ಲಿಗೆ ನಾಕು ಹೆಗಲು ಬೇಕು ಮಗಾ. ಯಾರು ಹೊತ್ತರೋ?" ಕಟ್ಟಿಸಿದವನ ಹೆಸರು ಲೋಕಕ್ಕೆ ಗೊತ್ತು. ಹೊತ್ತವರದ್ದು? ನನ್ನ ಹತ್ರ ಉತ್ತರ ಇರಲಿಲ್ಲ.

ವಾಪಸ್ ಬರುವಾಗ ನಮ್ಮ ಚನ್ನಗಿರಿಯ ಸೂಳೆಕೆರೆ ನೆನಪಾಯ್ತು. ಶಾಂತವ್ವ ಕೆರೆ ಕಟ್ಟಿಸೋಕೆ ಹೊರಟಾಗ ಆ ಜಾಗದಲ್ಲಿದ್ದ ಸೂಳೆಯರು "ಕೆರೆಗೆ ನಮ್ಮ ಹೆಸರಿಟ್ಟರೆ ಮಾತ್ರ ಜಾಗ ಬಿಡ್ತೀವಿ" ಅಂದರಂತೆ. ಇದು ಹಿರೀಕರು ಹೇಳೋ ಕಥೆ. ಊರು ಹೀಯಾಳಿಸಿದ ಹೆಂಗಸರು ಹಟ ಹಿಡಿದು ನೀರಿನ ಮೇಲೆ ಹೆಸರು ಬರೆಸಿಕೊಂಡರು. ಈಗ ಮರ್ಯಾದಸ್ಥರ ಬಾಯಲ್ಲಿ ಅದು ಶಾಂತಿಸಾಗರ. ನೀರು ಬೇಕು, ಆ ಹೆಸರು ಬೇಡ. ಇನ್ನು ಕೆರೆಯ ಮಣ್ಣು ಹೊತ್ತವರ ಹೆಸರಂತೂ ಕಥೆಯಲ್ಲೂ ಇಲ್ಲ.

ಹೆಸರು ಕೇಳಿದರೆ ಮಾತ್ರ ಸಿಗುತ್ತೆ, ಬರೆದರೆ ಮಾತ್ರ ಉಳಿಯುತ್ತೆ. ನಾಲ್ಕೂ ತಾಲೂಕಿನ ಗೆಳೆಯರಲ್ಲಿ ಒಂದು ಮನವಿ. ನಿಮ್ಮ ಕೇರಿಯ ಹಿರಿಯರ ಪಕ್ಕ ಕೂತು ಮೊಬೈಲ್ ಆನ್ ಮಾಡಿ. ಯಾವ ರಸ್ತೆಗೆ ಜಲ್ಲಿ ಒಡೆದರು, ಯಾವ ಕೆರೆಯ ಹೂಳು ಹೊತ್ತರು, ಜೊತೆಗೆ ಯಾರ್ಯಾರಿದ್ದರು, ಎಲ್ಲ ಕೇಳಿ. ಅವರು ಇದ್ದಾಗಲೇ ಕೇಳಿ.

ನಾನು ಅಪ್ಪನಿಂದಲೇ ಶುರು ಮಾಡಿದೀನಿ. ಮೊದಲನೇ ಸಾಲು ಇದು: ಊರ ದೇವಸ್ಥಾನದ ಕಾಂಪೌಂಡಿಗೆ ಕಲ್ಲು ಒಡೆದುಕೊಟ್ಟವನು, ಇವತ್ತಿಗೂ ಆ ಕಾಂಪೌಂಡಿನ ಒಳಗೆ ಕಾಲಿಡದವನು.

ಜೈ ಭೀಮ್.